ಅಕ್ಷರಗುಂಡಿನಿಂದ ಬ್ಲೂರೇವರೆಗೆ: ರಕ್ತಪಿಶಾಚಿ ಚಿತ್ರವೊಂದರ ಪಾಠಾಂತರ ವಿಚಾರ

ಮನೆಯಲ್ಲಿ ಕೂತು ನೋಡುವ ಚಿತ್ರದ ಪ್ರತಿ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬ ಜಗಳ ಜಪಾನಿನಲ್ಲಿ ಹುಟ್ಟಿತೆಂದು ನಂಬಿದವರು ಇನ್ನಾದರೂ ತಿದ್ದಿಕೊಳ್ಳಬೇಕು. ಅದು ಹುಟ್ಟಿದ್ದು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಇದನ್ನು ಇದುವರೆಗೆ ಯಾರೂ ಹೇಳಿಲ್ಲ ಎಂಬುದೇ ಇದರ ಸ್ವಂತಿಕೆಗೆ ಸಾಕ್ಷಿ.

ಪ್ರಮಾಣ ಬೇಕೆಂದರೆ ಮೂರು ಬಂಡೆಗಳಿವೆ. ಸುವರ್ಣಗಿರಿಯ ಆರ್ಯಪುತ್ರನ ಮೂಲಕ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಅಶೋಕನ ಒಂದೇ ಒಕ್ಕಣೆಯನ್ನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ, ಐದಾರು ಕಿಲೋಮೀಟರಿನೊಳಗೆ, ಮೂರು ಸಲ ಕೊರೆಸಲಾಗಿದೆ. ಒಂದು ಪಠ್ಯ, ಮೂರು ಬಿಡುಗಡೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದಾಗಿನಿಂದ ವಿದ್ವಾಂಸರು ಮಾಡುತ್ತ ಬಂದದ್ದು ಇಷ್ಟೇ: ಯಾವ ಪ್ರತಿ ಸ್ಪಷ್ಟ, ಯಾವುದು ಮಸುಕು. ಬ್ರಹ್ಮಗಿರಿಯ ಅಕ್ಷರಗುಂಡು ಮೂರರಲ್ಲಿ ಸುಸ್ಥಿತಿಯದು. ಸಿದ್ದಾಪುರದ್ದು ಅಲ್ಲಲ್ಲಿ ಸವೆದಿದೆ. ಜಟಿಂಗ ರಾಮೇಶ್ವರದ್ದನ್ನು ಓದಲು ಕಣ್ಣಿಗಿಂತ ಭಕ್ತಿ ಹೆಚ್ಚು ಬೇಕು. ಅದು ಬಳೆಗಾರರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಚಕ್ರವರ್ತಿಯ ಅಕ್ಷರಗಳ ಮೇಲೇ ಅಂಗಡಿ ಹೂಡಿದರು. ಬಾಡಿಗೆ ಕ್ಯಾಸೆಟ್ಟಿನ ಗತಿ ಬಲ್ಲವರಿಗೆ ಇದಕ್ಕೆ ಟೀಕೆ ಬೇಡ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನು ಪದರ ಪದರವಾಗಿ ಅಗೆದರೂ ಕ್ಯಾಸೆಟ್ ಓಡಿಸುವ ವಿಸಿಪಿ ಸಿಕ್ಕಲಿಲ್ಲ. ಆ ಹೊತ್ತಿಗೆ ಯಾರೋ ಬಾಡಿಗೆಗೆ ಒಯ್ದಿದ್ದರೆಂದೇ ನನ್ನ ತೀರ್ಮಾನ.

ಇನ್ನು ಪ್ರಕೃತ ಕೃತಿ. ಹಿದೆಯುಕಿ ಕಿಕುಚಿ 1983ರಲ್ಲಿ ಆರಂಭಿಸಿದ, ಯೊಶಿತಾಕ ಅಮಾನೊ ಚಿತ್ರ ಬರೆದ ಕಾದಂಬರಿಮಾಲೆಯಿಂದ ಹುಟ್ಟಿದ್ದು 'ವ್ಯಾಂಪೈರ್ ಹಂಟರ್ ಡಿ'. ತೊಯೂ ಆಶಿದ ನಿರ್ದೇಶಿಸಿದ ಈ ಅನಿಮೆ ಚಿತ್ರ 1985ರದು. ಮುಖ್ಯವಾಗಿ ಗಮನಿಸಬೇಕಾದ್ದು, ಇದು ಟಾಕೀಸಿಗಾಗಿ ಅಲ್ಲ, ಮನೆಯ ಕ್ಯಾಸೆಟ್ಟಿಗೆಂದೇ ತಯಾರಾದದ್ದು. ಕಥೆ 12,090ನೆಯ ಇಸವಿಯದು. ಸಾವಿರಾರು ವರ್ಷ ಬಾಳಿದ ಕೌಂಟ್ ಮ್ಯಾಗ್ನಸ್ ಲೀ ಎಂಬ ರಕ್ತಪಿಶಾಚಿ, ಡೋರಿಸ್ ಎಂಬ ಹಳ್ಳಿಹುಡುಗಿಯ ಕತ್ತು ಕಚ್ಚಿ ಮದುವೆ ನಿಶ್ಚಯ ಮಾಡಿಕೊಳ್ಳುತ್ತಾನೆ. ವರನ ವಯಸ್ಸಿನ ಬಗ್ಗೆ ನಮ್ಮ ಕಡೆಯ ಹಿರಿಯರು ಏನಾದರೂ ಅಂದಾರು, ಆದರೆ ಆಸ್ತಿಯಿದೆ, ಕೋಟೆಯಿದೆ. ತಡೆಯಲು ಬರುವವನು ಡಿ: ತಂದೆ ಪಿಶಾಚಿ, ತಾಯಿ ಮನುಷ್ಯಳು. ಅವನ ಎಡಗೈಯಲ್ಲಿ ಇನ್ನೊಂದು ಮುಖವಿದ್ದು ಅದು ಒಡೆಯನನ್ನೇ ಆಡಿಕೊಳ್ಳುತ್ತದೆ. ವಿದ್ವತ್ ಗ್ರಂಥಗಳಲ್ಲಿ ಈ ಕೆಲಸವನ್ನು ಅಡಿಟಿಪ್ಪಣಿ ಮಾಡುತ್ತದೆ.

ಮೊಳಕಾಲ್ಮುರಿನ ನೆರೆಯ ಚಳ್ಳಕೆರೆಯ ಕ್ಯಾಸೆಟ್ ಅಂಗಡಿಗೆ ಡಿ ಬಂದನೆಂಬುದಕ್ಕೆ ದಾಖಲೆಯಿಲ್ಲ. ಬರಲಿಲ್ಲವೆಂಬುದಕ್ಕೂ ಇಲ್ಲ. ಸಂಶೋಧನೆಯಲ್ಲಿ ಇದಕ್ಕೆ ಪ್ರಬಲ ಸಾಕ್ಷ್ಯವೆನ್ನುತ್ತಾರೆ. ಪರೋಕ್ಷ ಪ್ರಮಾಣ ಇನ್ನೂ ಗಟ್ಟಿ. ಎಂಬತ್ತರ ದಶಕದಲ್ಲಿ ಕಲರ್ ಟಿವಿ, ವಿಸಿಪಿ, ಮೂರು ಕ್ಯಾಸೆಟ್ ಒಟ್ಟಿಗೆ ಬಾಡಿಗೆಗೆ ತಂದು ಬೀದಿಗೆ ಬೀದಿಯೇ ಚಾಪೆ ಹಾಸಿ ನೋಡುತ್ತಿದ್ದ ಕಾಲದಲ್ಲಿ ಕರಾರು ಏನಿತ್ತು? ಹೊತ್ತು ಮುಳುಗಿದ ಮೇಲೆ ಬರಬೇಕು, ಹೊತ್ತು ಹುಟ್ಟುವುದರೊಳಗೆ ಹಿಂದಿರುಗಬೇಕು. ತಡವಾದರೆ ರಕ್ತ ಹೀರುವಷ್ಟು ದಂಡ. ಇಂಥ ದಿನಚರಿಯ ಪ್ರಾಣಿ ಯಾವುದೆಂದು ಬೇರೆ ಹೇಳಬೇಕಿಲ್ಲ. ಹಗಲಲ್ಲಂತೂ ಅದು ಚಳ್ಳಕೆರೆಯಲ್ಲಿ ಉಳಿಯದು. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದರ ಏಪ್ರಿಲ್ ಬಿಸಿಲಿಗೆ ಟ್ರಾನ್ಸಿಲ್ವೇನಿಯಾದ ಪಿಶಾಚಿಯೇನು, ಬಳ್ಳಾರಿಯವರೇ ಒಂದು ಕ್ಷಣ ನೆರಳು ಹುಡುಕುತ್ತಾರೆ.

ಈಗ ಪ್ರತಿಗಳ ವಿವರ. ಓಲೆಗರಿ ಸಂಪಾದಕರ ಸಂಪ್ರದಾಯದಂತೆ ವಿಎಚ್‌ಎಸ್ ಕ್ಯಾಸೆಟ್ಟನ್ನು 'ಕ' ಪ್ರತಿ, ಡಿವಿಡಿಯನ್ನು 'ಖ' ಪ್ರತಿ, ಬ್ಲೂರೇಯನ್ನು 'ಗ' ಪ್ರತಿ ಎನ್ನೋಣ. 'ಕ'ದಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಯಷ್ಟು ವಿವರ ಉಳಿಯುತ್ತದೆ. ಅದರ ನಕಲಿನ ನಕಲಿನಲ್ಲಿ ಡಿ ಯಾರು, ಕುದುರೆ ಯಾವುದು ಎಂಬುದು ಊಹೆಗೆ ಬಿಟ್ಟದ್ದು. 'ಖ' ಜಪಾನಿನಲ್ಲಿ 480 ಸಾಲಿನದು, ನಮ್ಮ ಪದ್ಧತಿಯಲ್ಲಿ 576. 'ಗ' 1080. ಸಾಲು ಹೆಚ್ಚಿದಂತೆ ಜಗಳವೂ ಹೆಚ್ಚಿತು. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ನಮ್ಮ ಪದ್ಧತಿಯ 25ಕ್ಕೆ ಓಡಿಸಿದರೆ 80 ನಿಮಿಷದ ಚಿತ್ರ 76 ನಿಮಿಷ 48 ಸೆಕೆಂಡಿಗೆ ಮುಗಿಯುತ್ತದೆ. ಉಳಿದ ಮೂರು ನಿಮಿಷ ಹನ್ನೆರಡು ಸೆಕೆಂಡನ್ನು ಯಾರು ಹೀರಿದರು? ಓಟ ಹೆಚ್ಚಿಸದೆ ಜಪಾನೀ ಟೇಪನ್ನೇ ಪರಿವರ್ತಿಸಿದರೆ ಎರಡು ಚೌಕಟ್ಟು ಒಂದರ ಮೇಲೊಂದು ಬಿದ್ದು ಪ್ರತಿ ಪಾತ್ರದ ಹಿಂದೆ ಮಸುಕು ನೆರಳು ಕಾಣುತ್ತದೆ. ಪಿಶಾಚಿ ಚಿತ್ರ ಕೊಂಡವರಿಗೆ ಭೂತ ಉಚಿತ.

ಆದರೆ ನಿಜವಾದ ತಂಟೆ ಕತ್ತಲೆಯದು. ಪ್ರೇಮಕಥೆಗೆ ಹಗಲಿದೆ, ಪೊಲೀಸ್ ಕಥೆಗೂ ಇದೆ. ಪಿಶಾಚಿಯ ಕಥೆ ನಡೆಯುವುದೇ ರಾತ್ರಿ, ಅದರ ನಾಯಕ ತೊಡುವುದೇ ಕಪ್ಪು ನಿಲುವಂಗಿ. ಇಲ್ಲಿ ನಮ್ಮ ಬಂಡೆಗಳು ಮತ್ತೆ ಕೈಹಿಡಿಯುತ್ತವೆ. ಶಾಸನದಲ್ಲಿ 200, 50, 6 ಎಂದು ಅಂಕಿಗಳಿವೆ; ಕೂಡಿದರೆ 256. ಇದು ಬುದ್ಧನಿರ್ವಾಣದ ನಂತರದ ವರ್ಷವೆಂದು ಶಾಸನತಜ್ಞ ಬ್ಯೂಲರ್ ವಾದಿಸಿದರು. ಬಿಹಾರದ ಸಹಸರಾಮಿನ ಪ್ರತಿಯಲ್ಲಿ ರಾತ್ರಿಗಳ ಉಲ್ಲೇಖವೇ ಇದ್ದುದರಿಂದ, ಅಶೋಕ ಪ್ರವಾಸದಲ್ಲಿ ಕಳೆದ 256 ರಾತ್ರಿಗಳೆಂಬ ಅರ್ಥ ನೆಲೆಗೊಂಡಿತು. ಡಿವಿಡಿಯಲ್ಲೂ ಸಾಮಾನ್ಯ ಬ್ಲೂರೇಯಲ್ಲೂ ಕಗ್ಗತ್ತಲಿಂದ ಬಿಳುಪಿನವರೆಗೆ ಇರುವ ಮೆಟ್ಟಿಲೆಷ್ಟು? ಎಂಟು ಬಿಟ್ಟಿನ ಲೆಕ್ಕದಲ್ಲಿ 256. ಚಕ್ರವರ್ತಿ ಎಣಿಸಿದ್ದು ರಾತ್ರಿಗಳನ್ನಲ್ಲ, ರಾತ್ರಿಯ ಛಾಯೆಗಳನ್ನು! ಪೂರ್ವಪಕ್ಷದವರು ಎದ್ದು, ವಿಡಿಯೊದಲ್ಲಿ ಚಿತ್ರಕ್ಕೆ ಬಳಸುವುದು 16ರಿಂದ 235ರವರೆಗಿನ 220 ಮೆಟ್ಟಿಲು ಮಾತ್ರ ಎನ್ನುತ್ತಾರೆ. ಒಪ್ಪಿದೆ. ಉಳಿದ 36 ರಾತ್ರಿ ಅಶೋಕ ಎಲ್ಲಿದ್ದನೆಂದು ಅವರೇ ಹೇಳಲಿ.

ಈ 220ರಲ್ಲಿ ಕತ್ತಲೆಯ ಪಾಲಿಗೆ ಬರುವುದು ಕೆಳಗಿನ ಕೆಲವೇ ಮೆಟ್ಟಿಲು. ಬೆಳದಿಂಗಳ ಆಕಾಶ ನಯವಾಗಿ ಕಪ್ಪಾಗುವ ಬದಲು ಪಟ್ಟೆಪಟ್ಟೆಯಾಗುವುದು ಅದಕ್ಕೇ. ಡಿವಿಡಿಯಲ್ಲಿ ಜಾಗ ಉಳಿಸುವ ಆತುರಕ್ಕೆ ನೆರಳೆಲ್ಲ ಚೌಕಚೌಕವಾಗಿ ಒಡೆಯುತ್ತದೆ. ಬ್ಲೂರೇ ಮಾಡುವವರಲ್ಲಿ ಕೆಲವರು ಫಿಲ್ಮಿನ ಕಣಗಳನ್ನು ಕೊಳೆಯೆಂದು ತಿಳಿದು ತೊಳೆಯುತ್ತಾರೆ. ಕಣದ ಜೊತೆಗೆ ಕಲಾವಿದ ಎಳೆದ ಪೆನ್ಸಿಲ್ ಗೆರೆಯೂ ತೊಳೆದು ಹೋಗಿ ಮುಖಗಳು ಮೇಣದಂತಾಗುತ್ತವೆ. ಕಪ್ಪನ್ನು ಅಳೆಯುವ ಕ್ರಮವನ್ನು ಇವರು ಚಳ್ಳಕೆರೆಯ ಕಂಬಳಿ ಸಂತೆಯಲ್ಲಿ ಕಲಿಯಬೇಕು. ಹುಣಸೆಬೀಜದ ಸರಿ ಹಾಕಿ ನೇಯ್ದ ಕರಿಕಂಬಳಿ ಅಂಗಡಿಯ ನೆರಳಲ್ಲಿ ಒಂದೇ ಕಪ್ಪು. ಕೊಳ್ಳುವವನು ಅದನ್ನು ಕೊಡವಿ ಬಿಸಿಲಿಗೆ ಹಿಡಿಯುತ್ತಾನೆ. ಆಗ ಕಂದು ಎಳೆ, ಬೂದಿ ಎಳೆ, ಅಲ್ಲೊಂದು ಇಲ್ಲೊಂದು ಕೆಂಚು ಕೂದಲು ಬೇರೆಬೇರೆಯಾಗಿ ಎದ್ದು ಬರುತ್ತವೆ. ಬಣ್ಣ ಹಾಕದ ಕುರಿಯ ಕಪ್ಪು ಹಾಗೇ. ಡಿಯ ನಿಲುವಂಗಿ ಇಷ್ಟು ಕಾಣಿಸಿದರೆ ಪ್ರತಿ ಒಳ್ಳೆಯದು. ಇಲ್ಲದಿದ್ದರೆ 1080 ಸಾಲನ್ನೂ ಬಳೆಗಾರರಿಗೆ ಬಿಟ್ಟುಕೊಡಬಹುದು.

ಕರೆಯದೆ ಪಿಶಾಚಿ ಮನೆಯೊಳಗೆ ಕಾಲಿಡಲಾಗದು ಎಂಬ ನಿಯಮವನ್ನು 1897ರ 'ಡ್ರಾಕುಲಾ' ಜನಪ್ರಿಯಗೊಳಿಸಿತು. ಯುರೋಪಿನವರು ಪಿಶಾಚಿಯನ್ನು ತಡೆಯಲು ಬೆಳ್ಳುಳ್ಳಿ, ಶಿಲುಬೆ ಎಂದು ಖರ್ಚು ಮಾಡಿಕೊಂಡರು. 1990ರ ಸುಮಾರಿಗೆ ಕನ್ನಡಿಗರು ಒಂದು ತುಂಡು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಮಲಗಿದರು. ದೆವ್ವ ಓದುತ್ತದೆ, ಹೋಗುತ್ತದೆ, ಮರುದಿನ ಮತ್ತೆ ಓದುತ್ತದೆ. ಒಳ್ಳೆಯ ಪ್ರಿಂಟ್ ಕೇಳಿದವರಿಗೆ ಕ್ಯಾಸೆಟ್ ಅಂಗಡಿಯವರು ಹೇಳುತ್ತಿದ್ದುದೂ ಇದನ್ನೇ. ಯಾರಿಂದ ಯಾರು ಕಲಿತರು ಎಂಬುದು ಪ್ರತ್ಯೇಕ ಸಂಪುಟದ ವಿಷಯ.

ಕೊನೆಯದಾಗಿ ಹೆಸರುಪಟ್ಟಿ. ಬ್ರಹ್ಮಗಿರಿಯ ಶಾಸನದ ತುದಿಯಲ್ಲಿ ಚಪಡನೆಂಬವನು ಅಂಕಿತ ಹಾಕಿದ್ದಾನೆ. ಒಕ್ಕಣೆಯೆಲ್ಲ ಬ್ರಾಹ್ಮಿ, 'ಲಿಪಿಕಾರ' ಎಂಬಷ್ಟು ಮಾತ್ರ ದೂರದ ವಾಯವ್ಯದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಜಪಾನೀ ಚಿತ್ರದ ಕೊನೆಯಲ್ಲಿ ನಮಗೆ ಓದಲಾಗದ ಲಿಪಿ ಉರುಳುತ್ತಿರುವಾಗ ಜನ ಚಪ್ಪಲಿ ಹುಡುಕುವಂತೆ ಇಸಿಲದ ಮಹಾಮಾತ್ರರೂ ಆ ಹೊತ್ತಿಗೆ ಎದ್ದಿರಬೇಕು. ಯೊಶಿಯಾಕಿ ಕವಜಿರಿ 2000ದಲ್ಲಿ ಮಾಡಿದ ಎರಡನೆಯ ಡಿ ಚಿತ್ರ 'ಬ್ಲಡ್‌ಲಸ್ಟ್'ಗಂತೂ ಮಾತು ಮೊದಲು ಇಂಗ್ಲಿಷಿನಲ್ಲೇ ಧ್ವನಿಮುದ್ರಣವಾಯಿತು, ಜಪಾನೀ ಆಮೇಲೆ ಬಂತು. ಎರಡು ಭಾಷೆಗೆ ಜಾಗವಿರುವಲ್ಲಿ ಮೂರನೆಯದಕ್ಕೂ ಇರುತ್ತದೆ. ಮುಂದಿನ ಡಿಸ್ಕಿನಲ್ಲಿ ಖರೋಷ್ಠಿ ಉಪಶೀರ್ಷಿಕೆ ಸೇರಿಸಬೇಕೆಂದು ಮೂರು ಪ್ರತಿಗಳಲ್ಲಿ ಅರ್ಜಿ ಸಿದ್ಧಪಡಿಸಿದ್ದೇನೆ. ಮೂರನೆಯದು ಕಾರ್ಬನ್ ಪ್ರತಿಯಾದ್ದರಿಂದ ಸ್ವಲ್ಪ ಮಸುಕು. ಸುವರ್ಣಗಿರಿಯ ಪಿನ್‌ಕೋಡ್ ಸಿಕ್ಕಿದ ಕೂಡಲೇ ರವಾನಿಸುತ್ತೇನೆ.