ಮಹಾಪುರುಷರ ಮೇಲೆ ಆಡಿ ರಿಯಾಯಿತಿ

ಫಿಲಿಪ್ಪೀನ್ಸ್‌ನಲ್ಲಿ ಆಗಸ್ಟ್ ಬಂತೆಂದರೆ ಭಾಷಾ ಮಾಸ. ನಮ್ಮ ನವೆಂಬರಿನ ಹಾಗೆಯೇ ಭಾಷಣ, ಬಾವುಟ, ಮಕ್ಕಳ ಕಂಠಪಾಠ. ತಾಯ್ನುಡಿಯನ್ನು ಪ್ರೀತಿಸದವರನ್ನು ನಾರುವ ಮೀನಿಗಿಂತ ಕಡೆ ಮಾಡಿ ಬೈಯುವ ಪದ್ಯವೊಂದು ಅಲ್ಲಿ ಬಹಳ ಜನಪ್ರಿಯ. ಆ ದೇಶದ ರಾಷ್ಟ್ರವೀರ ಹೊಸೆ ರಿಸಾಲ್ ಅದನ್ನು ಎಂಟನೇ ವಯಸ್ಸಿಗೇ ಬರೆದನೆಂದು ಮೇಷ್ಟ್ರುಗಳು ಹೇಳಿಕೊಡುತ್ತಾರೆ. ತೊಂದರೆ ಏನೆಂದರೆ ರಿಸಾಲನ ಕೈಬರಹದಲ್ಲಿ ಆ ಪದ್ಯ ಎಲ್ಲೂ ಸಿಕ್ಕಿಲ್ಲ. ಅದು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1906ರಲ್ಲಿ, ಸ್ಪೇನಿನ ಸರ್ಕಾರ ಆತನನ್ನು ಮನಿಲಾದ ಬಯಲಿನಲ್ಲಿ ನಿಲ್ಲಿಸಿ ಗುಂಡಿಕ್ಕಿದ ಹತ್ತು ವರ್ಷದ ಮೇಲೆ. ಇದು ಅವನದಲ್ಲ ಎಂದು ಆಂಬೆತ್ ಒಕಾಂಪೊರಂಥ ಇತಿಹಾಸಕಾರರು ವಾದಿಸುತ್ತಲೇ ಇದ್ದಾರೆ. ಮೀನು ಮಾತ್ರ ಪ್ರತಿ ಆಗಸ್ಟ್‌ನಲ್ಲೂ ತಾಜಾ ಆಗಿ ಬರುತ್ತದೆ. ಆತ ನಿಜಕ್ಕೂ ಬರೆದ 'ನೋಲಿ ಮೆ ತಾಂಗೆರೆ' (1887) ಮತ್ತು 'ಎಲ್ ಫಿಲಿಬುಸ್ತೆರಿಸ್ಮೊ' (1891) ಎಂಬ ಎರಡು ಕಾದಂಬರಿಗಳಿರುವುದು ಸ್ಪ್ಯಾನಿಶ್ ಭಾಷೆಯಲ್ಲಿ, ಅದನ್ನು ಓದಬಲ್ಲವರು ಈಗ ಅಲ್ಲಿ ಬಹಳ ಕಡಿಮೆ. ಹಾಗಾಗಿ ಬರೆದದ್ದು ಕಪಾಟಿನಲ್ಲಿದೆ, ಬರೆಯದಿದ್ದದ್ದು ಬಾಯಲ್ಲಿದೆ.

ನಾವು ನಗುವ ಹಾಗಿಲ್ಲ. ಕಾಯಕವನ್ನೂ ಕೈಲಾಸವನ್ನೂ ಒಂದೇ ಉಸಿರಿನಲ್ಲಿ ಹೇಳುವ ಆ ಮಾತನ್ನು ಬಸವಣ್ಣನವರ ಚಿತ್ರದ ಕೆಳಗೆ ಬರೆಸದ ಸರ್ಕಾರಿ ಕಚೇರಿ ಕರ್ನಾಟಕದಲ್ಲಿ ಹುಡುಕಿದರೂ ಕಷ್ಟ. ವಚನದಲ್ಲಿ ಹುಡುಕಿದರೆ ಅದು ಸಿಗುವುದು ಆಯ್ದಕ್ಕಿ ಮಾರಯ್ಯನ ಹತ್ತಿರ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಆಯ್ದು ತಂದನೆಂದು ಹೆಂಡತಿ ಲಕ್ಕಮ್ಮ ಅವನನ್ನು ತರಾಟೆಗೆ ತೆಗೆದುಕೊಂಡು, ತಂದಲ್ಲಿಗೇ ಸುರಿದು ಬಾ ಎಂದು ಅಟ್ಟಿದಳಂತೆ. ಅಂಥವನ ಮಾತನ್ನು ನಾವು ಸದ್ದಿಲ್ಲದೆ ಬಿಜ್ಜಳನ ಮಂತ್ರಿಯ ಖಾತೆಗೆ ಜಮಾ ಮಾಡಿದ್ದೇವೆ. ಅಕ್ಕಿ ಆಯುವವನ ಮಾತಿಗೆ ಚೌಕಟ್ಟು ಹಾಕಿಸುವವರು ಯಾರು?

ಲಕ್ಕಮ್ಮ ಕಾಲಿಟ್ಟರೆ ಮೂರ್ಛೆ ಹೋಗಬಹುದಾದ ಜಾಗ ದಕ್ಷಿಣ ಭಾರತದಲ್ಲಿ ಒಂದಿದೆ. ಅದೇ ಚೆನ್ನೈನ ಟಿ. ನಗರ. ಶ್ರಾವಣದ ಮದುವೆಗೆ ಆಷಾಢದಲ್ಲೇ ಸೀರೆ ತಂದಿಟ್ಟುಕೊಂಡರೆ ಲಾಭ, ಅಲ್ಲಿ ಆಡಿ (ಎಂದರೆ ತಮಿಳರ ಆಷಾಢ) ರಿಯಾಯಿತಿ ಇರುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರಿಗೆ ಪಂಚಾಂಗದಷ್ಟೇ ಖಚಿತವಾಗಿ ಗೊತ್ತು. ಚೀಲ ಹೊರಲು ನನ್ನನ್ನು ಕರೆದೊಯ್ದಿದ್ದ ಅತ್ತಿಗೆಯನ್ನು ಪನಗಲ್ ಪಾರ್ಕ್ ಎದುರು ನಿಂತು ಸುಮ್ಮನೆ ಕೇಳಿದೆ: "ಅತ್ತಿಗೆ, ಈ ಪನಗಲ್ ಅಂದ್ರೆ ಯಾರು ಗೊತ್ತಾ?"

"ಯಾರೋ ಸೀರೆ ಅಂಗಡಿಯೋರು ಇರ್ಬೇಕು ಬಿಡಪ್ಪ. ಪಾರ್ಕಿಗೇ ಹೆಸರಿಟ್ಟಿದಾರೆ ಅಂದ್ಮೇಲೆ ಹಳೇ ಅಂಗಡೀನೇ."

"ಮುಖ್ಯಮಂತ್ರಿ ಆಗಿದ್ರು."

"ಹೌದಾ? ಆಮೇಲೆ ಅಂಗಡಿ ಇಟ್ರಾ?"

ಅತ್ತಿಗೆಯದು ತಪ್ಪೇನಲ್ಲ. ಪನಗಲ್ ರಾಜ 1921ರಿಂದ 1926ರವರೆಗೆ ಮದ್ರಾಸ್ ಪ್ರಾಂತ್ಯ ಆಳಿದವರು. ಸರ್ಕಾರಿ ನೌಕರಿ ಒಂದೇ ಜಾತಿಯ ಪಾಲಾಗಬಾರದೆಂದು ಆದೇಶ ಹೊರಡಿಸಿದವರು, ದೇವಸ್ಥಾನಗಳ ಲೆಕ್ಕಪತ್ರ ಕೇಳುವ ಕಾನೂನು ತಂದವರು. ಆ ಕಾಲದಲ್ಲೇ ಮಾಂಬಲಂ ಕೆರೆ ಬತ್ತಿಸಿ ಈ ಬಡಾವಣೆ ಎಬ್ಬಿಸಿದರು. (ಕೆರೆ ಇನ್ನೂ ಒಪ್ಪಿಲ್ಲ, ಜೋರು ಮಳೆ ಬಂದ ವರ್ಷ ತನ್ನ ಜಾಗ ಕೇಳಿಕೊಂಡು ಬರುತ್ತದೆ.) ಪನಗಲ್ ರಾಜರ ಜಸ್ಟಿಸ್ ಪಕ್ಷದವರು ಬೀದಿಗೊಬ್ಬರಂತೆ ತಮ್ಮ ಮುಖಂಡರನ್ನು ಇಲ್ಲಿ ಕೂರಿಸಿದರು. ಪಿಟ್ಟಿ ತ್ಯಾಗರಾಯ ಚೆಟ್ಟಿಯವರಿಗೆ ಇಡೀ ನಗರವನ್ನೇ ಕೊಟ್ಟರು. ಜನ ಅದರಲ್ಲಿ ಒಂದಕ್ಷರ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಮಾಡಿದರು. ಬೆಂಗಳೂರಿನವರು ಇದಕ್ಕೆ ಮೂಗು ಮುರಿಯಬೇಕಿಲ್ಲ, ಎಂ.ಜಿ., ಕೆ.ಜಿ., ಜೆ.ಸಿ., ಆರ್.ವಿ. ಎಂದು ನಮ್ಮ ರಸ್ತೆಗಳನ್ನು ಓದಿದರೆ ಕಣ್ಣಿನ ಆಸ್ಪತ್ರೆಯ ಗೋಡೆಯ ಮೇಲಿನ ಪಟ್ಟಿ ಓದಿದಂತಿರುತ್ತದೆ.

ಆ 'ಟಿ' ಎಂಬ ಮನುಷ್ಯ 1916ರ ಡಿಸೆಂಬರಿನಲ್ಲಿ ಒಂದು ಪ್ರಣಾಳಿಕೆ ಪ್ರಕಟಿಸಿದರು. ಸರ್ಕಾರಿ ಹುದ್ದೆಗಳಲ್ಲಿ ಯಾರ ಪಾಲು ಎಷ್ಟು ಎಂಬ ಅಂಕಿಅಂಶ ಹಾಕಿ, ಬ್ರಾಹ್ಮಣೇತರರು ಎಚ್ಚೆತ್ತುಕೊಳ್ಳಬೇಕೆಂದು ಕೇಳಿದ ಬರಹ. ಅದರ ಬಿಸಿ ನಮ್ಮ ಮೈಸೂರಿಗೂ ತಟ್ಟಿತು. ಅಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು, 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೌಕರಿಯ ಪಾಲು ನೋಡಲು ಮಿಲ್ಲರ್ ಸಮಿತಿ ನೇಮಿಸಿದರು. ಮರುವರ್ಷವೇ ವರದಿ ಬಂತು. ಅದು ರಾಜರ ಆಳ್ವಿಕೆ, ಅಷ್ಟು ಆತುರ ಸಹಜ. ಪ್ರಜಾಪ್ರಭುತ್ವದಲ್ಲಿ ನಾವು ನಿಧಾನಸ್ಥರು. 2015ರಲ್ಲಿ ಮನೆ ಮನೆ ಸುತ್ತಿ ಬರೆದುಕೊಂಡ ಜಾತಿ ಸಮೀಕ್ಷೆಯ ವರದಿ 2024ರಲ್ಲಿ ಸರ್ಕಾರದ ಕೈಸೇರಿತು, 2025ರಲ್ಲಿ ಅಂಕಿಅಂಶ ಹಳತಾಯಿತು, ಇನ್ನೊಮ್ಮೆ ಎಣಿಸೋಣ ಎಂದಾಯಿತು. ಈ ತ್ಯಾಗರಾಯರಿಗೆ 1920ರಲ್ಲಿ ಪ್ರಾಂತ್ಯದ ಮೊದಲ ಮುಖ್ಯಮಂತ್ರಿ ಪದವಿ ಒಲಿದು ಬಂದಿತ್ತು, ಬೇಡವೆಂದರು. ಅದೇ ವರ್ಷ ಮದ್ರಾಸ್ ಕಾರ್ಪೊರೇಷನ್ ಅಧ್ಯಕ್ಷರಾಗಿ ಥೌಸಂಡ್ ಲೈಟ್ಸ್‌ನ ಒಂದು ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು. ತಲೆಗೆ ಒಂದಾಣೆ ಮೀರದ ಖರ್ಚು. ಪದವಿ ನಿರಾಕರಿಸಿ ಮಕ್ಕಳ ಊಟದ ಬಗ್ಗೆ ತಲೆಕೆಡಿಸಿಕೊಂಡವರನ್ನು ಇಡೀ ಹೆಸರಿನಿಂದ ಕರೆದರೆ ಈಗಿನವರಿಗೆ ಮುಜುಗರವಾಗುವುದು ನ್ಯಾಯವೇ.

ಇನ್ನು ಪಾಂಡಿ ಬಜಾರ್. ಇಪ್ಪತ್ತು ರೂಪಾಯಿಯ ಕಿವಿಯೋಲೆಯಿಂದ ಹಿಡಿದು ಎಲ್ಲವೂ ಸಿಗುವ ಈ ಬೀದಿಗೆ ಪಾಂಡಿಚೇರಿಯಿಂದ ಹೆಸರು ಬಂತೆಂದು ನಂಬಿ ನೆಮ್ಮದಿಯಾಗಿರುವವರು ಲೆಕ್ಕವಿಲ್ಲದಷ್ಟಿದ್ದಾರೆ. ಅದು ಡಬ್ಲ್ಯು.ಪಿ.ಎ. ಸೌಂದರಪಾಂಡಿಯನ್ ಅವರ ಬಜಾರು. ರಾಮನಾಥಪುರ ಜಿಲ್ಲಾ ಬೋರ್ಡಿನ ಅಧ್ಯಕ್ಷರಾಗಿದ್ದಾಗ, ದಲಿತರನ್ನು ಹತ್ತಿಸಿಕೊಳ್ಳದ ಬಸ್ಸಿಗೆ ಲೈಸೆನ್ಸ್ ಇಲ್ಲ ಎಂದವರು. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆದ ಸ್ವಾಭಿಮಾನ ಚಳವಳಿಯ ಮೊದಲ ಸಮ್ಮೇಳನದ ಅಧ್ಯಕ್ಷರು ಅವರೇ. ಹೆಸರಿನ ಹಿಂದಿನ ಜಾತಿಯ ಬಾಲ ಕತ್ತರಿಸಿಕೊಳ್ಳಿ ಎಂಬ ಕರೆ ಅಲ್ಲಿಂದ ಹೊರಟಿತು. ಐವತ್ತು ವರ್ಷದ ಮೇಲೆ, 1979ರಲ್ಲಿ, ಎಂ.ಜಿ.ಆರ್. ಸರ್ಕಾರ ಕತ್ತರಿ ಹಿಡಿದು ಬೀದಿ ಫಲಕಗಳ ಮೇಲಿನ ಜಾತಿಯನ್ನು ತೆಗೆಯಲು ಹೊರಟಿತು. ಜಾತಿ ಫಲಕದಿಂದ ಇಳಿದು ನೇರವಾಗಿ ವಧೂವರರ ಜಾಹೀರಾತಿಗೆ ಹೋಗಿ ಸುಖವಾಗಿ ಕುಳಿತುಕೊಂಡಿತು.

ಆ ಕತ್ತರಿ ಡಾಕ್ಟರ್ ನಾಯರ್ ರಸ್ತೆಗೆ ಬಂದಾಗ ಏನು ಮಾಡಬೇಕು? ನಾಯರ್ ಅನ್ನು ಕತ್ತರಿಸಿದರೆ ಉಳಿಯುವುದು ಬರಿಯ ಡಾಕ್ಟರು, ಅವರ ಇಡೀ ಬೀದಿಗೆ ಅಷ್ಟೇ ಹೆಸರು. ಈ ಟಿ.ಎಂ. ನಾಯರ್ ಟಿ. ನಗರದ ರಿಸಾಲ್ ಎಂದು ನನ್ನ ಅಭಿಪ್ರಾಯ. ರಿಸಾಲ್ ಯೂರೋಪಿನಲ್ಲಿ ಕಣ್ಣಿನ ವೈದ್ಯ ಕಲಿತು ಬಂದು ತಾಯಿಯ ಕಣ್ಣಿನ ಪೊರೆ ತೆಗೆದವನು, ನಾಯರ್ ಎಡಿನ್‌ಬರೋದಲ್ಲಿ ಕಲಿತು ಬಂದು ಮದ್ರಾಸಿನಲ್ಲಿ ಕಿವಿ, ಮೂಗು, ಗಂಟಲು ನೋಡುತ್ತಿದ್ದವರು. ಇಬ್ಬರ ಕೈಯಲ್ಲೂ ಔಷಧಿ ಚೀಟಿಗಿಂತ ಹೆಚ್ಚು ಓಡಿದ್ದು ಲೇಖನಿ. ನಾಯರ್ 1917ರಲ್ಲಿ 'ಜಸ್ಟಿಸ್' ಎಂಬ ಇಂಗ್ಲಿಷ್ ಪತ್ರಿಕೆಯ ಸಂಪಾದಕರಾದರು. ಪಕ್ಷಕ್ಕೆ ಅವರೆಲ್ಲ ಸೇರಿ ದಕ್ಷಿಣ ಭಾರತ ಲಿಬರಲ್ ಫೆಡರೇಷನ್ ಎಂದು ಗಂಭೀರವಾದ ಹೆಸರಿಟ್ಟಿದ್ದರೂ ಜನ ಪತ್ರಿಕೆಯ ಹೆಸರಿನಿಂದಲೇ ಕರೆದರು. ಬರಹದಿಂದ ಪಕ್ಷಕ್ಕೆ ಹೆಸರು ಬಂದ ಕಾಲವೂ ಒಂದಿತ್ತು ಎಂದು ಈಗಿನ ಪಕ್ಷದ ಕಚೇರಿಗಳಲ್ಲಿ ಹೇಳಿ ನೋಡಿ, ನೀರು ಕೊಟ್ಟು ಕೂರಿಸುತ್ತಾರೆ. ತಮ್ಮ ಜನರಿಗೆ ಪ್ರತ್ಯೇಕ ಪ್ರಾತಿನಿಧ್ಯ ಬೇಕೆಂದು ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಲು ಲಂಡನ್ನಿಗೆ ಹೋದ ನಾಯರ್, ಹೇಳುವ ಮೊದಲೇ 1919ರ ಜುಲೈ 17ರಂದು ತೀರಿಕೊಂಡರು. ಹೇಳಬೇಕಾದ ಮಾತನ್ನು ಗಂಟಲಿನಲ್ಲೇ ಇಟ್ಟುಕೊಂಡು ಹೋದ ಗಂಟಲು ತಜ್ಞರು. ಒಂದು ಕಾಲದಲ್ಲಿ ಅವರಿಗೂ ತ್ಯಾಗರಾಯರಿಗೂ ಕಾರ್ಪೊರೇಷನ್ನಿನಲ್ಲಿ ಆಗಿಬರುತ್ತಿರಲಿಲ್ಲ, ಸಿ. ನಟೇಶ ಮೊದಲಿಯಾರ್ ನಡುವೆ ಬಂದು ರಾಜಿ ಮಾಡಿಸಿದರು. ಈಗ ಮೂವರ ಹೆಸರೂ ಇದೇ ಬಡಾವಣೆಯಲ್ಲಿದೆ, ಮಧ್ಯಸ್ಥರಿಗೊಂದು ಪಾರ್ಕು ಸಿಕ್ಕಿದೆ.

ಫಿಲಿಪ್ಪೀನ್ಸ್‌ನವರು ಒಂದು ವಿಷಯದಲ್ಲಿ ನಮಗಿಂತ ಮುಂದೆ. ರಿಸಾಲನ ಹೆಸರನ್ನು ಪ್ರಾಂತ್ಯಕ್ಕಿಟ್ಟರು, ಬ್ಯಾಂಕಿಗಿಟ್ಟರು, ಮುಖವನ್ನು ಒಂದು ಪೆಸೊ ನಾಣ್ಯಕ್ಕೆ ಒತ್ತಿದರು, ಕೆಲವು ಪಂಥದವರು ದೇವರನ್ನೇ ಮಾಡಿದರು. ಇಷ್ಟಾದ ಮೇಲೂ ಸೆನೆಟರ್ ಕ್ಲಾರೊ ರೆಕ್ತೊ ಎಂಬ ಹಟಮಾರಿಗೆ ಸಮಾಧಾನವಾಗಲಿಲ್ಲ. ಪುಸ್ತಕವನ್ನೂ ಓದಲಿ ಎಂದು ಕಾನೂನು ತರಲು ಹೊರಟ. ಪಾದ್ರಿಗಳನ್ನು ಹಿಗ್ಗಾಮುಗ್ಗಾ ಝಾಡಿಸಿದ ಕಾದಂಬರಿಗಳು ಅವು, ಚರ್ಚು ಸುಮ್ಮನಿದ್ದೀತೇ? ಬೇಕಾದರೆ ಆಯ್ದ ಭಾಗ ಓದಿಸಿ, ಪೂರ್ತಿ ಬೇಡ ಎಂದಿತು. ಶಾಲೆ ಮುಚ್ಚುವ ಬೆದರಿಕೆಯೂ ಬಂತು. ಕೊನೆಗೆ 1956ರ ಜೂನ್ 12ರಂದು ರಿಸಾಲ್ ಕಾಯ್ದೆ ಜಾರಿಯಾಯಿತು, ಜೊತೆಗೊಂದು ಸೊಗಸಾದ ಸಂದು ಬಿಟ್ಟುಕೊಂಡು: ಕತ್ತರಿ ಹಾಕದ ಪುಸ್ತಕ ಓದುವುದು ತನ್ನ ಧಾರ್ಮಿಕ ನಂಬಿಕೆಗೆ ವಿರುದ್ಧವೆಂದು ವಿದ್ಯಾರ್ಥಿ ಪ್ರಮಾಣಪತ್ರ ಬರೆದುಕೊಟ್ಟರೆ ವಿನಾಯಿತಿ ಪಡೆಯಬಹುದು. ರಾಷ್ಟ್ರವೀರನನ್ನು ಗೌರವಿಸಲು ಯಾವ ಅಫಿಡವಿಟ್ಟೂ ಬೇಡ, ಓದದಿರಲು ಬೇಕು. ನಮ್ಮಲ್ಲಿ ಅದೂ ಉಚಿತ.

ನಾವೂ ಅಂಥದೊಂದು ಕಾಯ್ದೆ ತರಬಹುದು. ಯಾವ ಮಹನೀಯರ ಹೆಸರಿನ ಬೀದಿಯಲ್ಲಿ ಅಂಗಡಿ ಇದೆಯೋ ಅವರು ಬರೆದ ಒಂದು ಪುಟವನ್ನಾದರೂ ಮಾಲೀಕರು ಓದಿರತಕ್ಕದ್ದು, ಗಿರಾಕಿಗಳು ಬಿಲ್ ಕೊಡುವ ಮುನ್ನ ಅರ್ಧ ಪುಟ. ಮೊದಲ ದಿನವೇ ಗಲಾಟೆಯಾಗುತ್ತದೆ. ತ್ಯಾಗರಾಯರ ಪ್ರಣಾಳಿಕೆಯಿಂದ ಒಂದು ಸಮುದಾಯಕ್ಕೆ ನೋವು. ನಾಯರ್ ಅವರ ಭಾಷಣಗಳಿಂದ ದೇಶಪ್ರೇಮಿಗಳಿಗೆ ನೋವು, ಬ್ರಿಟಿಷರನ್ನು ಕಂಡು ಸಾಕಷ್ಟು ಸಿಡುಕಿಲ್ಲವೆಂದು. ಸೌಂದರಪಾಂಡಿಯನ್ ಅವರಿಂದ ಯಾರಿಗೆ ನೋವು ಎಂದು ಹೇಳಿದರೆ ಹೇಳಿದವನ ಜಾತಿ ಹೊರಬರುತ್ತದೆ, ಆದ್ದರಿಂದ ಅದನ್ನು ಹೆಸರಿಲ್ಲದ ಅರ್ಜಿಯಲ್ಲಿ ತಿಳಿಸುತ್ತಾರೆ. ಪನಗಲ್ ರಾಜರಂತೂ ಪೂರ್ತಿ ಧರ್ಮವಿರೋಧಿ, ದೇವರ ಹುಂಡಿಯ ಲೆಕ್ಕ ಕೇಳಿದವರು. ತಜ್ಞರ ಸಮಿತಿ ಕೂತು ಎಲ್ಲರಿಗೂ ನೋವಾಗುವ ಸಾಲುಗಳನ್ನು ತೆಗೆದು, ಯಾರಿಗೂ ತಾಗದ ಆವೃತ್ತಿಯೊಂದನ್ನು ಸಿದ್ಧಪಡಿಸುತ್ತದೆ. ಅದರಲ್ಲಿ ಮುನ್ನುಡಿ, ಮಂತ್ರಿಗಳ ಸಂದೇಶ, ಮುದ್ರಕರ ವಿಳಾಸ ಇರುತ್ತವೆ.

ಅದಕ್ಕೂ ಯಾರಾದರೂ ತಕರಾರು ತೆಗೆದರೆ ಗಾಬರಿ ಬೇಡ, ಬೆಂಗಳೂರಿಗೆ ಈ ಬಾಬ್ತಿನಲ್ಲಿ ಒಳ್ಳೆಯ ಅನುಭವವಿದೆ. ಹಲಸೂರು ಕೆರೆಯ ಹತ್ತಿರ ತಿರುವಳ್ಳುವರ್ ಪ್ರತಿಮೆ 1991ರಲ್ಲೇ ತಯಾರಾಗಿತ್ತು. ಹದಿನೆಂಟು ವರ್ಷ ಆ ಕವಿಯನ್ನು ಮುಸುಕು ಹಾಕಿ ನಿಲ್ಲಿಸಿದ್ದೆವು. 2009ರ ಆಗಸ್ಟ್ 9ರಂದು ಕರುಣಾನಿಧಿ ಬಂದು ಮುಸುಕು ತೆಗೆದರು, ನಾಲ್ಕು ದಿನ ಬಿಟ್ಟು ಯಡಿಯೂರಪ್ಪನವರು ಹೋಗಿ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನನ್ನು ಅನಾವರಣ ಮಾಡಿದರು. ಯುದ್ಧಕೈದಿಗಳ ವಿನಿಮಯ ಇಷ್ಟು ಅಚ್ಚುಕಟ್ಟಾಗಿ ನಡೆದದ್ದು ಕಡಿಮೆ. ಪುಸ್ತಕ ಪ್ರತಿಮೆಯಷ್ಟು ದೊಡ್ಡದಲ್ಲ, ಸುತ್ತಿಡುವುದು ಇನ್ನೂ ಸುಲಭ. ಬಟ್ಟೆಗಂತೂ ಟಿ. ನಗರದಲ್ಲಿ ಬರವಿಲ್ಲ, ಆಷಾಢದಲ್ಲಿ ಹೋದರೆ ಅರ್ಧ ಬೆಲೆಗೇ ಸಿಗುತ್ತದೆ.