ಉಳಿತಾಯ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಅವರೊಬ್ಬರು ಸಿಕ್ಕೇ ಸಿಗುತ್ತಾರೆ. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಮಗಳು ಅಮೆರಿಕದಿಂದ ತಂದ ಶೂ, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಸದಾ ತೆರೆದ ಕ್ಯಾಲ್ಕ್ಯುಲೇಟರು. ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯೊಂದರಲ್ಲಿ ಮೂವತ್ತಾರು ವರ್ಷ ಕೂತು ಎದ್ದವರು. ಹೆಸರು ಏನೇ ಇರಲಿ, ಬೆನ್ನ ಹಿಂದೆ ಎಲ್ಲರಿಗೂ ಅವರು ಉಳಿತಾಯ ರಾಯರು. ಬಡತನ ಎಲ್ಲಿಂದ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞರು ಇನ್ನೂ ಜಗಳವಾಡುತ್ತಿದ್ದಾರೆ. ರಾಯರಿಗೆ ಅದು ಎಂದೋ ಗೊತ್ತಾಗಿದೆ. ಟೀಯಿಂದ.

ಬೆಳಗ್ಗೆ ಆರೂವರೆಗೆ ಗೇಟಿನ ಬಳಿ ಸೈಕಲ್ ಮೇಲೆ ಫ್ಲಾಸ್ಕ್ ಕಟ್ಟಿಕೊಂಡು ಟೀಯವನು ಬರುತ್ತಾನೆ. ರಾತ್ರಿ ಪಾಳಿ ಮುಗಿಸಲಿರುವ ಸೆಕ್ಯೂರಿಟಿ ಪೇಪರ್ ಕಪ್ ತುಟಿಗಿಡುವುದಕ್ಕೂ ರಾಯರು ಮೊದಲ ಸುತ್ತು ಮುಗಿಸಿ ಬರುವುದಕ್ಕೂ ಸರಿಹೋಗುತ್ತದೆ.

“ಒಂದು ಟೀ 15 ರೂಪಾಯಿ. ತಿಂಗಳಿಗೆ 450. ಅದನ್ನೇ ಎಸ್‌ಐಪಿಗೆ ಹಾಕು. ವರ್ಷಕ್ಕೆ 12 ಪರ್ಸೆಂಟ್ ಹಿಡಿ. ಮೂವತ್ತು ವರ್ಷಕ್ಕೆ ಎಷ್ಟು ಗೊತ್ತಾ?” ರಾಯರ ಹೆಬ್ಬೆರಳು ಮೊಬೈಲಿನ ಮೇಲೆ ಕುಣಿಯುತ್ತದೆ. “15 ಲಕ್ಷದ 72 ಸಾವಿರ ಚಿಲ್ಲರೆ!”

ಯಾದಗಿರಿ ಕಡೆಯ ಆ ಮನುಷ್ಯ ಮರ್ಯಾದೆಗೆ ಕಪ್ಪನ್ನು ಕೆಳಗಿಳಿಸಿ, “ಹೌದ್ರಿ ಸಾಹೇಬ್ರ. ಆದ್ರ ನನಗ ಈಗ ಐವತ್ತೊಂದ್ರಿ. ಆ ರೊಕ್ಕ ಬರೂ ಹೊತ್ತಿಗೆ ಎಂಬತ್ತೊಂದು. ಅಲ್ಲೀತನಾ ಚಾ ಇಲ್ದ ನೈಟ್ ಡ್ಯೂಟಿ ಹೆಂಗ್ರಿ?” ಎನ್ನುತ್ತಾನೆ.

“ಇದೇ ನೋಡು, ನಿಮ್ಮಂಥೋರಿಗೆ ದೂರದೃಷ್ಟಿನೇ ಇಲ್ಲ.”

ರಾಯರು ಕೆಟ್ಟವರಲ್ಲ. ಮಿತವ್ಯಯದಲ್ಲಿ ಅವರು ಆಷಾಢಭೂತಿಯೂ ಅಲ್ಲ. ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಒಳಗಿನದನ್ನು ಬೆರಳಿನಿಂದ ತೆಗೆಯುತ್ತಾರೆ. ಮದುವೆ ಪತ್ರಿಕೆಯ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತಾರೆ. ಸರ್ವಿಸಿನಲ್ಲಿದ್ದಷ್ಟು ಕಾಲ ಹೋಟೆಲ್ ಕಾಫಿ ಕುಡಿಯಲಿಲ್ಲ, ಆದ್ದರಿಂದಲೇ ಸೈಟು ಕೊಂಡೆ, ಮಕ್ಕಳನ್ನು ಓದಿಸಿದೆ ಎಂಬುದು ಅವರ ದೃಢ ನಂಬಿಕೆ. ಕ್ವಾರ್ಟರ್ಸು, ಸಿಜಿಎಚ್‌ಎಸ್ ಔಷಧಿ, ಎಲ್‌ಟಿಸಿ, ಆರು ತಿಂಗಳಿಗೊಮ್ಮೆ ಏರುವ ತುಟ್ಟಿಭತ್ಯೆ, ಈಗಿನ ಪಿಂಚಣಿ, ಇವೆಲ್ಲ ಆ ಕುಡಿಯದ ಕಾಫಿಯ ಹಿಂದೆ ಮರೆಯಾಗಿ ನಿಂತಿವೆ.

2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ರಾಯರು ಆ ವಿಡಿಯೋವನ್ನು ಎಲ್ಲ ಗ್ರೂಪಿಗೂ ಕಳಿಸಿ, ಸೆಕ್ಯೂರಿಟಿಗೂ ಒಂದು ಕಳಿಸಿದರು. ದಿನಕ್ಕೆ ಹನ್ನೆರಡು ತಾಸು, ವಾರಕ್ಕೆ ಏಳು ದಿನ ನಿಲ್ಲುವವನು ಬೆರಳು ಮಡಚಿ ಎಣಿಸಿದ. “ಎಂಬತ್ನಾಲ್ಕು ಆಗ್ತೈತ್ರಿ. ಹಂಗಾದ್ರ ಮ್ಯಾಲಿನ ಹದಿನಾಲ್ಕು ತಾಸು ನನಗ ಸೂಟಿ ಕೊಡಸ್ರಲ್ಲಾ.” ರಾಯರು ಆ ದಿನ ಬೇರೆ ಗೇಟಿನಿಂದ ವಾಕಿಂಗ್ ಹೋದರು.

ಮನೆಯೊಳಗಿನ ಶಿಷ್ಯೆ ಇನ್ನೂ ಕಠಿಣ. ಪಾತ್ರೆ ತೊಳೆಯಲು ಬರುವ ಈಕೆ ಹದಿನಾರು ವರ್ಷ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದವಳು. “ಉಳಿಸಬೇಕಮ್ಮ” ಎಂದು ರಾಯರು ಶುರು ಮಾಡಿದರೆ, “ಉಳ್ಸೋಕೆ ಮೊದ್ಲು ಉಳೀಬೇಕಲ್ಲ ಸಾರ್” ಎಂದು ತಲೆಯೆತ್ತದೇ ಹೇಳುತ್ತಾಳೆ. ಹಾಗೆಂದು ಅವಳು ಉಳಿಸುವುದಿಲ್ಲವೆಂದಲ್ಲ. ಅವಳ ಬೀದಿಯಲ್ಲಿ ಇಪ್ಪತ್ತು ಹೆಂಗಸರ ಚೀಟಿ ನಡೆಯುತ್ತದೆ. ಲೆಕ್ಕ ಪೂರ್ತಿ ಅವಳ ತಲೆಯಲ್ಲೇ. ರಾಯರಿಗಾದರೋ ಕ್ಯಾಲ್ಕ್ಯುಲೇಟರು ಬೇಕು.

ಇಬ್ಬರಿಗೂ ಹಳೆಯ ನಂಟಿದೆ. 2016ರ ಏಪ್ರಿಲ್ 18ರಂದು ರಾಯರು ಎಲೆಕ್ಟ್ರಾನಿಕ್ ಸಿಟಿಯ ಮಗನ ಮನೆಗೆ ಹೊರಟು ಹೊಸೂರು ರಸ್ತೆಯಲ್ಲಿ ಮೂರು ಗಂಟೆ ಸಿಕ್ಕಿಕೊಂಡಿದ್ದರು. ರಸ್ತೆಯಲ್ಲಿ ಕೂತಿದ್ದ ಸಾವಿರಾರು ಗಾರ್ಮೆಂಟ್ಸ್ ಹೆಂಗಸರಲ್ಲಿ ಈಕೆಯೂ ಒಬ್ಬಳು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಹೊಲಿಗೆ ಮೆಷಿನ್ನಿನ ಮುಂದೆ 58ರವರೆಗೆ ಕೂರುವವರು ಎಷ್ಟು ಜನ? ನಲವತ್ತಕ್ಕೇ ಬೆನ್ನು, ಕಣ್ಣು ಕೈಕೊಡುತ್ತವೆ. ಮಗಳ ಫೀಜು, ಊರಿನ ಮನೆಯ ಸೂರು ಎಲ್ಲಕ್ಕೂ ಅದೇ ಗಂಟು. ದೊಡ್ಡ ಯೂನಿಯನ್ನಿನ ಕರೆಯೂ ಇಲ್ಲದೆ ಬೀದಿಗಿಳಿದರು. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು, ಮರುದಿನವೇ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಉಳಿತಾಯಕ್ಕಾಗಿ ಈ ನಗರ ಕಂಡ ಅತಿದೊಡ್ಡ ಗಲಾಟೆ ಬಹುಶಃ ಅದೇ. ರಾಯರಿಗೆ ನೆನಪಿರುವುದು ಕಾರಿನ ಎಸಿಗೆ ಸುಟ್ಟುಹೋದ ಪೆಟ್ರೋಲು ಮಾತ್ರ.

ರಾಯರ ಬೀರುವಿನಲ್ಲಿ ಒಂದು ಕೆಂಪು ಫೈಲಿದೆ. ಕೋವಿಡ್ ಹೊತ್ತಿನಲ್ಲಿ, 2020ರ ಜನವರಿಯಿಂದ 2021ರ ಜೂನ್‌ವರೆಗೆ, ಕೇಂದ್ರ ಸರ್ಕಾರ ನೌಕರರ ಮತ್ತು ಪಿಂಚಣಿದಾರರ ತುಟ್ಟಿಭತ್ಯೆಯ ಮೂರು ಕಂತುಗಳನ್ನು ತಡೆಹಿಡಿಯಿತು. ಆ ಹದಿನೆಂಟು ತಿಂಗಳ ಬಾಕಿಗಾಗಿ ರಾಯರು ಬರೆದ ಮನವಿಗಳೆಲ್ಲ ಅದರಲ್ಲಿವೆ. “ಅದು ಭಿಕ್ಷೆ ಅಲ್ಲ, ನಮ್ಮ ಹಕ್ಕು” ಎನ್ನುವಾಗ ಧ್ವನಿ ನಡುಗುತ್ತದೆ. ನ್ಯಾಯವಾದ ಮಾತೇ.

ಒಂದು ದಿನ ಪಾತ್ರೆಯ ಸದ್ದು ನಿಲ್ಲಿಸಿ ಆಕೆ ಹೇಳಿದಳು: “ನಮ್ದೂ ಡಿಎ ಹಿಡ್ಕೊಂಡಿದ್ರು ಸಾರ್, ಅದೇ ವರ್ಷ.” 2020ರ ಏಪ್ರಿಲಿನಿಂದ ರಾಜ್ಯದ ಕನಿಷ್ಠ ವೇತನಕ್ಕೆ ಸೇರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ನಾಲ್ಕು ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರಿಗೆ ಅದು ಕೈಸೇರಲಿಲ್ಲ. ಹೊರದೇಶದ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಹೊತ್ತಿಗೆ, ಬಾಕಿ ಬರತೊಡಗಿತು. ಅಂದರೆ ರಾಯರ ಲೆಕ್ಕದ ಇಪ್ಪತ್ತೆಂಟು ಟೀಗೆ ಎರಡು ರೂಪಾಯಿ 40 ಪೈಸೆ ಕಡಿಮೆ. ಆದರೆ ಯಾವ ಫ್ಯಾಕ್ಟರಿ ಗೇಟಿನ ಮುಂದೂ ಮಂಕಿ ಕ್ಯಾಪಿನವರೊಬ್ಬರು ನಿಂತು, “ಮಾಲೀಕರೇ, ಟೀ ಬಿಡಿ” ಎಂದ ವರದಿಯಿಲ್ಲ.

“ಮಾಲೀಕರಿಗೂ ಕಷ್ಟ ಇರುತ್ತಮ್ಮ” ಎಂದರು ರಾಯರು.

ಕಳೆದ ಭಾನುವಾರ ಅಸೋಸಿಯೇಷನ್ ಸಭೆ. ಸೆಕ್ಯೂರಿಟಿಗಳಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚಿಸುವ ವಿಷಯ ಬಂತು. 96 ಮನೆ, ನಾಲ್ಕು ಜನ ಸೆಕ್ಯೂರಿಟಿ, ಮನೆಗೆ 20 ರೂಪಾಯಿ ಚಿಲ್ಲರೆ ಬೀಳುತ್ತದೆ ಎಂದು ಲೆಕ್ಕ ಹೇಳಿದವರೂ ರಾಯರೇ, ಮೇಂಟೆನೆನ್ಸ್ ಏರಿದರೆ ಪಿಂಚಣಿದಾರರ ಗತಿಯೇನು ಎಂದು ಎದ್ದುನಿಂತವರೂ ರಾಯರೇ. ಮುಂದಿನ ವರ್ಷ ನೋಡೋಣ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಸೆಕ್ಯೂರಿಟಿ ಟ್ರೇ ಹಿಡಿದು ಬಂದ. ಟೀ ಮತ್ತು ಗುಡ್‌ಡೇ ಬಿಸ್ಕತ್ತಿಗೆ 640 ರೂಪಾಯಿ ಎಂದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ. ಕೆಳಗೆ ರಾಯರದೇ ಸಹಿ.