ಹಸನನ ಆಕಳ ಹಾಲು

ಬೇಲಿಯಾಚೆ ಕಾಕು ಮರದಾಗ ಜೋಳ ಹಸನ ಮಾಡುತ್ತಿದ್ದರು. ಅವರ ಕಟ್ಟಿಯ ಮೇಲೆ ಹುಡುಗಿಯರು ಅಂಗೈ ಊರಿ ಕೂತು ಅವಲಕ್ಕಿ-ಪವಲಕ್ಕಿ ಆಡುತ್ತಿದ್ದರು.

"ಇದಕ್ಕ ಏನರ ಅರ್ಥ ಐತೇನ್ರಿ ಕಾಕೂ?" ಅಂದೆ.

"ಅರ್ಥ ತಗೊಂಡ ಏನ್ ಮಾಡ್ತೀಯೋ ತಮ್ಮಾ? ಕೈ ಮಡಚಾಕ ಅರ್ಥ ಯಾಕ ಬೇಕು?"

ಬಾಯಿ ಕಟ್ಟಿತು ಅಂತ ಸುಮ್ಮನಾಗುವವ ನಾನಲ್ಲ. ಇರಾನದ ಹುಡುಗರ ಸುದ್ದಿ ತೆಗೆದೆ. ಅಲ್ಲಿ ಅಂಗೈ ಬದಲು ಕಾಲು. ಸಾಲಾಗಿ ಕಾಲು ಚಾಚಿ ಕೂಡುತ್ತಾರೆ. ಒಬ್ಬಳು ‘ಅತಲ್ ಮತಲ್’ ಅಂತ ಸುರು ಮಾಡಿ ತಾಳಕ್ಕೊಂದರಂತೆ ಕಾಲು ಮುಟ್ಟುತ್ತ ಹೋಗುತ್ತಾಳೆ. ಕಡೇ ಶಬ್ದ ಯಾವ ಕಾಲಿಗೆ ಬಿತ್ತೋ ಆ ಕಾಲು ಮಡಚಬೇಕು. ಹಾಡಿನೊಳಗೆ ಹಸನ್ ಎಂಬವನದೊಂದು ಆಕಳು. ಅದಕ್ಕೆ ಹಾಲೂ ಇಲ್ಲ, ಕೆಚ್ಚಲೂ ಇಲ್ಲ. ಆದರೂ ಅದರ ಹಾಲನ್ನು ಹಿಂದುಸ್ತಾನಕ್ಕೆ ಒಯ್ದರಂತೆ!

"ನಮ್ಮ ಘೋಡಗೇರಿಗಂತೂ ಬಂದಿಲ್ಲಪಾ. ನಮ್ಮ ಆಕಳದ್ದು ಡೇರಿಗೆ ಹೋಗತೈತಿ. ಹುಡುಗೂರ ಪಾಲಿಗೆ ಚಾದಾಗ ಬಿದ್ದಷ್ಟ."

ಆ ಹಾಲು ಇಷ್ಟು ದೂರ ಬಂದದ್ದು ಬರೀ ಪ್ರಾಸದ ಸಲುವಾಗಿ. ಅವರ ಆಡುಮಾತಿನಲ್ಲಿ ಕೆಚ್ಚಲು ‘ಪೆಸ್ತೂನ್’, ನಮ್ಮ ದೇಶ ‘ಹೆಂದೆಸ್ತೂನ್’. ಕೆಲವರ ಬಾಯಲ್ಲಿ ಅದೇ ಹಾಲು ಕುರ್ದಿಸ್ತಾನಕ್ಕೆ ಹೋಗುತ್ತದೆ. ಅಲ್ಲೂ ಕೊನೆಗೆ ‘ಸ್ತೂನ್’ ಇದ್ದರಾಯಿತು. ಆಮೇಲೆ ಒಬ್ಬ ಕುರ್ದಿ ಹೆಂಗಸು, ಅವಳ ಟೊಪ್ಪಿಗೆಗೆ ಕೆಂಪು ಅಂಚು. ಅವಳು ಯಾಕೆ ಬಂದಳು ಅಂತ ಕೇಳುವುದರೊಳಗೆ ಒಂದು ಕಾಲು ಮಡಚಿ ಆಗಿರುತ್ತದೆ. ಇಂಥ ಹಾಡುಗಳನ್ನು ಇರಾನದ ಲೇಖಕ ಸಾದೆಗ್ ಹೆದಾಯತ್ 1931ರಲ್ಲಿ ‘ಔಸಾನೆ’ ಎಂಬ ಪುಸ್ತಕದಲ್ಲಿ ಕೂಡಿಸಿಟ್ಟ. ಮುಂದೆ ಕತ್ತಲೆಯಂಥ ಕಾದಂಬರಿ ಬರೆದವನೂ ಅವನೇ ಅಂದರೆ ನಂಬುವುದು ಕಷ್ಟ. ಈ ಹಾಡಿನ ಭಾಷೆ ನಮಗೂ ಹೊಸದಲ್ಲ. ನಮ್ಮ ಹುಕ್ಕೇರಿಯ ಗುಮ್ಮಟಗಳ ಕಾಲದಲ್ಲಿ ಆದಿಲ್‌ಶಾಹಿ ದರಬಾರದ ಭಾಷೆ ಫಾರಸಿ. ಅದರಿಂದ ನಮಗೆ ದಫ್ತರು, ಅರ್ಜಿ, ಜಮೀನು ಬಂದವು. ಈ ಆಕಳು ಮಾತ್ರ ಬರಲಿಲ್ಲ. ನನಗೆ ಅದರದೇ ಹಳಹಳಿ.

"ಅಲ್ಲೋ, ಶರೀಫಜ್ಜನ ಪದದಾಗೂ ಕೋಳಿ ಕೋಡಗನ್ನ ನುಂಗತೈತಲ್ಲ?"

ಅದು ಬೇರೆ ಕಾಕೂ. ಶಿಶುನಾಳ ಶರೀಫರ (1819–1889) ಪದಕ್ಕೆ ಹಿಂದೊಂದು ಬಾಗಿಲುಂಟು. ಕೋಡಗ ಅಂದರೆ ಮನಸ್ಸು ಅಂತ ಬಿಡಿಸಿ ಹೇಳುವವರು ಪ್ರತಿ ಭಜನಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಹಸನನ ಆಕಳ ಹಿಂದೆ ಗುರುವೂ ಇಲ್ಲ, ಗುಟ್ಟೂ ಇಲ್ಲ. ಅದರ ಚೆಂದವೆಲ್ಲ ನಾಲಿಗೆ ಮತ್ತು ಬೆರಳಿನ ನಡುವೆಯೇ ಮುಗಿಯುತ್ತದೆ. ಪಂಡಿತರು ಅರ್ಥ ಹಚ್ಚಲಿಕ್ಕೆ ಹೋದರೆ ಬೆರಳು ನಿಂತುಬಿಡುತ್ತದೆ.

ನನ್ನ ವಾದ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರ್ಥವಿಲ್ಲದ್ದಕ್ಕೇ ಅದು ನ್ಯಾಯವಂತ ಪಂಚ. ಹಾಡಿಗೆ ಅರ್ಥವಿದ್ದರೆ ಬಲ್ಲಿದರ ಮಗ ಅದನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಬರೀ ಸಪ್ಪಳಕ್ಕೆ ಲಂಚ ಕೊಡುವುದು ಹೇಗೆ? ಅದು ಗೌಡರ ಕೈ, ಆಳಿನ ಕೈ ಅಂತ ನೋಡದೆ ಬೀಳುತ್ತದೆ.

ಕಾಕು ಮರ ಕೆಳಗಿಟ್ಟು ನಕ್ಕರು.

"ಹುಚ್ಚಪ್ಪಾ, ಸಪ್ಪಳ ಎಷ್ಟು ಅದಾವಂತ ನಾ ಸಣ್ಣಾಕಿದ್ದಾಗನ ಎಣಿಸಿ ಇಟ್ಟಿದ್ದೆ. ಯಾರ ಕೈಯಿಂದ ಸುರು ಮಾಡಿದ್ರ ಯಾರಿಗೆ ಬೀಳತೈತಿ ಅಂತ ಮೊದ್ಲ ಗೊತ್ತಿರತಿತ್ತು. ನಮ್ಮ ಅಕ್ಕ ಒಂದ ದಿನಾನೂ ಗೆದ್ದಿಲ್ಲ ನೋಡು."